ಮಂಡಿನೋವಿಗೆ ಕಪ್ಪು ಕನ್ನಡಕ

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ ಕ್ಲಿನಿಕ್ ಇಟ್ಟುಕೊಂಡವನಿಗೆ ಒಂದು ದಿನವೂ ನೆಟ್ಟಗೆ ಕಳೆಯುವುದಿಲ್ಲ. ಈ ಲೇಸರ್ ಕಥೆಯನ್ನೇ ನೋಡಿ. ಮಂಡಿ, ಸೊಂಟ, ಭುಜ ಹಿಡಿದುಕೊಂಡು ಬರುವವರಿಗೆ ಮಾತ್ರೆ ಬರೆದೂ ಬರೆದೂ ನನಗೇ ಸಾಕಾಗಿತ್ತು. ಅಷ್ಟರಲ್ಲಿ ಮೈಸೂರಿನ ಏಜೆಂಟ್ ಒಬ್ಬ ನೋವಿಗೆ ಲೇಸರ್ ಬೆಳಕು ಬಿಡುವ ಎರಡು ಮಿಷನ್ ತಂದಿಟ್ಟ. "ಎರಡನ್ನೂ ಬಳಸಿ ನೋಡಿ ಸಾರ್. ಮುಂದಿನ ವಾರ ಬರ್ತೀನಿ, ಒಂದನ್ನ ಇಟ್ಕೊಳ್ಳಿ" ಅಂದು ಹೋದ. ತಪ್ಪು ಮಿಷನ್ ಆರಿಸಿದರೆ ನನ್ನ ಜನವೆಲ್ಲ ಪಕ್ಕದ ಬೀದಿಯ ಸೂಜಿ ಡಾಕ್ಟರ ಪಾಲು. ಕೋಲೂರಿಕೊಂಡು ಬರುತ್ತಿದ್ದ ಕಟ್ಟೆಮಳಲವಾಡಿಯ ಒಬ್ಬ ಅಜ್ಜಿಯ ಮಂಡಿಗೆ ನನ್ನ ಯಾವ ಔಷಧಿಯೂ ನಾಟಿರಲಿಲ್ಲ. ಅವಳಿಗೆ ಯಾವುದು ಹಿಡಿಸುತ್ತದೋ ಅದೇ ನನ್ನ ಮಿಷನ್ ಅಂತ ತೀರ್ಮಾನಿಸಿದೆ.

೧. ಮುಗಿದದ್ದೇ ಗೊತ್ತಾಗದ ಚಿಕಿತ್ಸೆ

ಮೊದಲನೆಯದು ಪುಟ್ಟದು. ಅದರ ಬೆಳಕು ಕಣ್ಣಿಗೆ ಕಾಣದು, ಬಿಸಿಯಿಲ್ಲ, ಸದ್ದಿಲ್ಲ. ಪಿರಿಯಾಪಟ್ಟಣದ ಕಡೆಯ ಗೌಡರೊಬ್ಬರ ಭುಜಕ್ಕೆ ಹಿಡಿದು ತೆಗೆದೆ.

"ಶುರು ಮಾಡಿ ಸಾರ್" ಅಂದರು.

"ಮುಗೀತು ಗೌಡ್ರೇ."

"ಏನ್ ಮುಗೀತು? ಚುರ್ ಅನ್ನಲಿಲ್ಲ, ಉರೀಲಿಲ್ಲ!"

"ನೋಯದ ಹಾಗೇ ಕೆಲಸ ಮಾಡುತ್ತೆ."

ಗೌಡರು ಅಂಗಿ ತೋಳು ಮಡಿಸಿದರು. "ಒಂದ್ ಸೂಜಿನಾರೂ ಚುಚ್ಚಿ ಕಳ್ಸಿ ಸಾರ್. ಇಂಗೇ ಓದ್ರೆ, ಆಸ್ಪತ್ರೆಗೆ ಓಗ್ದೆ ಪ್ಯಾಟೆ ಸುತ್ಕೊಂಡ್ ಬಂದವ್ನೆ ಅಂತಾಳೆ ನಮ್ಮನೆಯವ್ಳು."

೨. ಕಣ್ಣು ಮುಚ್ಚಿದ ಬೆಂಚು

ಎರಡನೆಯದು ಮೇಜು ತುಂಬುವಷ್ಟು ದೊಡ್ಡದು. ಕೆಂಪು ಬೆಳಕು, ಕುಂಯ್ ಕುಂಯ್ ಸದ್ದು. ಬೆಳಕು ಕಣ್ಣಿಗೆ ಬೀಳಬಾರದೆಂದು ಎರಡು ಕಪ್ಪು ಕನ್ನಡಕ, ನನಗೊಂದು, ರೋಗಿಗೊಂದು. ಸದ್ದಾದ ಕೂಡಲೇ ಬೆಂಚಿನವರೆಲ್ಲ ಪರದೆ ಸರಿಸಿ ಇಣುಕಿದರು. "ಕಣ್ಣು ಹೋಗುತ್ತೆ ಕಣ್ರಯ್ಯಾ!" ಅಂತ ಕೂಗಿದೆ.

ಹೊರಗೆ ಬಂದು ನೋಡಿದರೆ ಬೆಂಚಿಗೆ ಬೆಂಚೇ ಕಣ್ಣು ಮುಚ್ಚಿ ಕೂತಿದೆ. ಆಗಷ್ಟೇ ಬಂದ ಕೆ.ಆರ್. ನಗರದ ಮೇಷ್ಟ್ರೊಬ್ಬರು ಚಪ್ಪಲಿ ಹೊರಗೆ ಬಿಟ್ಟು, ತಾವೂ ಕೈ ಮುಗಿದು ಕಣ್ಣು ಮುಚ್ಚಿದ್ದಾರೆ. ನನ್ನ ಹೆಜ್ಜೆ ಸದ್ದು ಕೇಳಿ ಮೆಲ್ಲಗೆ ಕೇಳಿದರು: "ಮಂಗಳಾರತಿ ಎಷ್ಟೊತ್ತಿಗೆ ಸ್ವಾಮಿ?"

೩. ಅಜ್ಜಿಯ ಮಂಡಿ

ಅಜ್ಜಿಗೂ ದೊಡ್ಡ ಮಿಷನ್ನನ್ನೇ ಹಿಡಿದೆ. ದಿನಾ ಬರಬೇಕು ಅಂದೆ. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಒಂದು ಕನ್ನಡಕವೂ ಕಾಣೆ. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು ಅಂತ ಕೈಚೆಲ್ಲಿ ಕೂತೆ.

ವಾರ ಕಳೆದು ಏಜೆಂಟ್ ಬಂದ. "ಇನ್ನೊಂದು ಕನ್ನಡಕ ಎಲ್ಲಿ ಸಾರ್?" ಅಂತ ಅವನು ಕೇಳುವುದಕ್ಕೂ, ಅದನ್ನೇ ಹಾಕಿಕೊಂಡು ಅಜ್ಜಿ ಒಳಗೆ ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಕೋಲಿಲ್ಲ!

"ನೋಡಿದ್ರಾ ಸಾರ್, ಒಂದೇ ಸಲಕ್ಕೆ!" ಅಂತ ಏಜೆಂಟ್ ಕುಣಿದ. ನಾನೂ ಕುರ್ಚಿ ಬಿಟ್ಟು ಎದ್ದೆ. "ಲೇಸರ್ ಹಿಡಿಸ್ತಾ ಅಜ್ಜಿ?" ಅಂದೆ.

"ಅದೇನೋ ಕಾಣೆ ಕಣಪ್ಪ. ಅವತ್ತು ಇದ್ನ ಬಿಚ್ಚೋದ್ ಮರ್ತು ಬಸ್ ಅತ್ತಿದೆ. ಕಣ್ ಆಪ್ರೇಸನ್ ಮಾಡ್ಸವ್ಳೆ ಅಂತ ಎದ್ದು ಸೀಟ್ ಬುಟ್ರು. ಮನೇಲಿ ಸೊಸೆನೂ ಅಂಗೇ ಅನ್ಕೊಂಡ್ಳು. ಬಗ್ಗಬ್ಯಾಡಿ, ಒಲೆ ಮುಂದೆ ಕೂರಬ್ಯಾಡಿ ಅಂತ ಕುಂತಿದ್ ತಾವ್ಕೇ ಮುದ್ದೆ ತಂದ್ಕೊಟ್ಳು. ಮದ್ವೆ ಆಗ್ ಬಂದಾಗ್ಲಿಂದ ಇಂಗೆ ಕುಂತಿದ್ದೇ ಇಲ್ಲ. ನಾನೂ ಬಾಯ್ ಬುಡಲಿಲ್ಲ."

ಏಜೆಂಟ್ ತಲೆ ಕೆರೆದುಕೊಂಡು, "ಹಂಗಾದ್ರೆ ಯಾವ ಮಿಷನ್ ಇಡ್ಲಿ ಸಾರ್?" ಅಂದ.

ಅಜ್ಜಿ ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಯಾವ್ದಾರೂ ಇಕ್ಕಳ್ಳಿ. ಇದು ಮಾತ್ರ ಇನ್ನೊಂದ್ ವಾರ ನನ್ ತಾವೇ ಇರ್ಲಿ. ಮಂಡಿ ವಾಸಿ ಆಯ್ತು, ಸೊಂಟ ಇನ್ನೂ ಬಾಕಿ ಅದೆ."

ದೊಡ್ಡ ಮಿಷನ್ನನ್ನೇ ಇಟ್ಟುಕೊಂಡೆ. ಏಜೆಂಟನಿಗೆ, "ಮುಂದಿನ ಸಲ ಬರುವಾಗ ಇನ್ನೂ ನಾಲ್ಕು ಕನ್ನಡಕ ತಾರಪ್ಪ" ಅಂದೆ.