ಮೇಸ್ತ್ರಿಯ ಹಲ್ಲು ಯಾವಾಗ ಮುಗಿಯುತ್ತದೆ?

"ಎಷ್ಟು ದಿನ ಆಗುತ್ತೆ ಮೇಸ್ತ್ರಿ?" ಎಂಬ ಪ್ರಶ್ನೆಯಷ್ಟು ಮೈ ಉರಿಸುವ ಪ್ರಶ್ನೆ ಇನ್ನೊಂದಿಲ್ಲ. ನಾನು ಬಡಗಿ. ಕಂಡವರ ಅಡುಗೆಮನೆಗೆ ಕಪಾಟು ಕೂರಿಸುವುದು ನನ್ನ ಕಸುಬು. ನಾನು ಅಳತೆಯ ಟೇಪು ಬಿಚ್ಚುವ ಮೊದಲೇ ಮನೆಯವರು ಈ ಪ್ರಶ್ನೆ ಬಿಚ್ಚುತ್ತಾರೆ. ನಾನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಗೋಡೆಯನ್ನು ಒಮ್ಮೆ ತಟ್ಟಿ, ಸೂರಿನತ್ತ ನೋಡಿ, "ಈಗ್ಲೇ ಹೇಳೋಕಾಗಲ್ಲ, ಗೋಡೆ ಹೇಗೆ ಸಹಕರಿಸುತ್ತೆ ನೋಡ್ಬೇಕು" ಎನ್ನುತ್ತೇನೆ. (ಗೋಡೆ ಇದುವರೆಗೆ ತನ್ನ ಪರವಾಗಿ ಒಂದು ಮಾತೂ ಆಡಿಲ್ಲ. ಹಾಗಾಗಿ ತಪ್ಪನ್ನೆಲ್ಲ ಅದರ ಮೇಲೆ ಹೊರಿಸುವುದು ಬಹಳ ಅನುಕೂಲ.) ಇಂಥ ನನಗೆ ಇನ್ನೊಬ್ಬರ ಮುಂದೆ ಬಾಯಿ ತೆರೆದುಕೊಂಡು ಮಲಗಿ, ಅದೇ ಪ್ರಶ್ನೆಯನ್ನು ನಾನೇ ಕೇಳುವ ಗತಿ ಬಂತು.

ಇದಕ್ಕೆಲ್ಲ ಮೂಲ ನಮ್ಮ ಹಜಾರದಲ್ಲಿ ತೂಗುಹಾಕಿರುವ ಮದುವೆಯ ಫೋಟೊ. ನನ್ನ ಮೇಲಿನ ಸಾಲಿನ ಎರಡು ಮುಂಬಲ್ಲುಗಳು ಮೊದಲಿನಿಂದಲೂ ಒಂದರ ಮೇಲೊಂದು ಕಾಲು ಹಾಕಿಕೊಂಡು ಕೂತಿವೆ. ಆದ್ದರಿಂದ ಕ್ಯಾಮೆರಾ ಕಂಡರೆ ನಾನು ತುಟಿ ಹೊಲಿದುಕೊಂಡುಬಿಡುತ್ತೇನೆ. ಆ ಫೋಟೊದಲ್ಲಿ ನನ್ನ ಹೆಂಡತಿ ಬಾಯ್ತುಂಬ ನಗುತ್ತಿದ್ದಾಳೆ. ಪಕ್ಕದಲ್ಲಿ ನಾನು ಠಾಣೆಗೆ ಕರೆತಂದವನ ಹಾಗೆ ನಿಂತಿದ್ದೇನೆ. ಮನೆಗೆ ಬಂದವರು ಅದನ್ನು ನೋಡಿ, "ಯಾಕೆ, ಯಜಮಾನ್ರಿಗೆ ಮದುವೆ ಇಷ್ಟ ಇರ್ಲಿಲ್ವಾ?" ಎಂದು ಕೇಳಿ, ಕಾಫಿ ಕುಡಿದು ಹೋಗಿಬಿಡುತ್ತಾರೆ. ಆ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲೇ ಉಳಿದುಕೊಳ್ಳುತ್ತದೆ.

"ಬರೋ ವರ್ಷ ಇಪ್ಪತ್ತೈದು ತುಂಬುತ್ತೆ," ಎಂದಳು ಹೆಂಡತಿ. "ಇನ್ನೊಂದು ಫೋಟೊ ತೆಗೆಸೋಣ. ನೀವು ನಗಬೇಕು."

"ನಗ್ತೀನಿ ಬಿಡು."

"ಬಾಯಿ ಮುಚ್ಕೊಂಡು ಅಲ್ಲ."

"ಬಾಯಿ ಬಿಟ್ರೆ ಹಲ್ಲು ಕಾಣುತ್ತೆ ಕಣೇ."

"ಆ ಹಲ್ಲು ನೋಡ್ಕೊಂಡು ನಾನು ಇಷ್ಟು ವರ್ಷ ಸಂಸಾರ ಮಾಡಿದೀನಿ. ಕ್ಯಾಮೆರಾಗೆ ಒಂದು ನಿಮಿಷ ನೋಡೋಕೆ ಏನು ಕಷ್ಟ?" ಎಂದು ಮುಖ ತಿರುಗಿಸಿಕೊಂಡಳು. ದನಿ ಸ್ವಲ್ಪ ಒಡೆದಿತ್ತು. ಅವಳ ಪಕ್ಕದಲ್ಲಿ ನಾನು ಸುಖವಾಗಿಯೇ ಇದ್ದೆ. ಆದರೆ ಹಾಗೆಂದು ತೋರಿಸಲು ಮನೆಯಲ್ಲಿ ಒಂದು ಫೋಟೊ ಇರಲಿಲ್ಲ.

ಅದೇ ಹೊತ್ತಿಗೆ ಹಲ್ಲಿನ ಡಾಕ್ಟರಮ್ಮ ಒಬ್ಬರು ತಮ್ಮ ಮನೆಯ ಅಡುಗೆಮನೆಗೆ ಕಪಾಟು ಮಾಡಿಸಲು ನನ್ನನ್ನು ಕರೆದರು. ಮಾತಿಗೆ ಮಾತು ಬೆಳೆದು, ಅವರ ಅಡುಗೆಮನೆಗೂ ನನ್ನ ಬಾಯಿಗೂ ಒಂದು ಒಪ್ಪಂದವಾಯಿತು. ಅದನ್ನು ನಾನು ನೇರ ಮಾಡುವುದು, ಇದನ್ನು ಅವರು ನೇರ ಮಾಡುವುದು. ದವಾಖಾನೆಯಲ್ಲಿ ಒಂದು ಪುಟ್ಟ ಯಂತ್ರವನ್ನು ಬಾಯೊಳಗೆಲ್ಲ ಓಡಾಡಿಸಿದರು. ಪರದೆಯ ಮೇಲೆ ನನ್ನ ದಂತಪಂಕ್ತಿ ಮೂಡಿತು. (ಪಂಕ್ತಿ ಎಂದದ್ದು ಬರೀ ಗೌರವಕ್ಕೆ.)

"ತಂತಿ ಬೇಡ. ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಅಲೈನರ್ ಕೊಡ್ತೀನಿ, ಹಲ್ಲಿನ ಮೇಲೆ ತೊಡಿಸಿಕೊಳ್ಳೋದು," ಎಂದರು. "ಎರಡು ವಾರಕ್ಕೊಂದು ಹೊಸದು. ಒಂದೊಂದೂ ಹಲ್ಲನ್ನ ಕೂದಲೆಳೆಯಷ್ಟು ಸರಿಸುತ್ತೆ."

"ಎಷ್ಟು ದಿನ ಆಗುತ್ತೆ ಡಾಕ್ಟ್ರೇ?"

ಡಾಕ್ಟರಮ್ಮ ನನ್ನ ಹಲ್ಲನ್ನು ಒಮ್ಮೆ ತಟ್ಟಿ, ಮೇಲಿನ ದೀಪದತ್ತ ನೋಡಿದರು. "ಕೆಲವರಿಗೆ ಆರು ತಿಂಗಳು, ಕೆಲವರಿಗೆ ಒಂದೂವರೆ ವರ್ಷ. ನಿಮ್ಮದು ಹತ್ತು ತಿಂಗಳಲ್ಲಿ ಆಗಬಹುದು. ಆದರೆ ಅದು ನಿಮ್ಮ ಕೈಲಿದೆ ಮೇಸ್ತ್ರಿ. ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲಿರಬೇಕು. ಊಟಕ್ಕೆ, ಹಲ್ಲುಜ್ಜೋಕೆ ಮಾತ್ರ ತೆಗೀಬಹುದು. ತೆಗೆದಿಟ್ಟಷ್ಟೂ ತಡ. ಅಂದ ಹಾಗೆ, ನಮ್ಮ ಅಡುಗೆಮನೆ ಎಷ್ಟು ದಿನ?"

"ಗೋಡೆ ಹೇಗೆ ಸಹಕರಿಸುತ್ತೆ ನೋಡ್ಬೇಕು," ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಲೈನರ್ ಬಾಯೊಳಗೆ ಪ್ರತಿಷ್ಠಾಪನೆಯಾಯಿತು. ಅದು ಯಾರ ಕಣ್ಣಿಗೂ ಕಾಣಲಿಲ್ಲ, ಎಲ್ಲರ ಕಿವಿಗೂ ಕೇಳಿಸಿತು. ನನ್ನ ಬಾಯಲ್ಲಿ ಸಕಾರಗಳೆಲ್ಲ ಥಕಾರಗಳಾದವು. ಹೆಂಡತಿಗಂತೂ ಮನೆಯಲ್ಲೇ ಮನರಂಜನೆ.

"ಎಲ್ಲಿ, 'ಸಂಸಾರ ಸಾಕು' ಅನ್ನಿ ನೋಡೋಣ."

"ಥಂಥಾರ ಥಾಕು."

"ಮನಸ್ಸಲ್ಲಿ ಇದ್ದದ್ದು ಅಂತೂ ಬಾಯಿಗೆ ಬಂತು," ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಇದನ್ನು ಸಹಿಸಬಹುದಿತ್ತು. ಸಹಿಸಲಾಗದ ಸಂಗತಿ ಬೇರೆ ಇತ್ತು. ಬಡಗಿಗೆ ಬಾಯಿಯೇ ಮೂರನೆಯ ಕೈ. ಒಂದು ಕೈಯಲ್ಲಿ ಕಪಾಟಿನ ಬಾಗಿಲು, ಇನ್ನೊಂದರಲ್ಲಿ ಡ್ರಿಲ್ಲು, ಸ್ಕ್ರೂಗಳು ಹಲ್ಲುಗಳ ನಡುವೆ. ಅದರಲ್ಲೂ ನನ್ನ ಆ ಎರಡು ವಕ್ರದಂತಗಳ ಸಂದಿ ಸ್ಕ್ರೂವಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಲೈನರ್ ಮೇಲೆ ಸ್ಕ್ರೂ ಜಾರುತ್ತದೆ. ಒಂದು ದಿನ ಗಂಟಲಿನ ಕಡೆಗೇ ಹೊರಟಿತ್ತು, ಕೆಮ್ಮಿ ಕೆಮ್ಮಿ ವಾಪಸು ತರಿಸಿದೆ. ಅಂದಿನಿಂದ ಕೆಲಸಕ್ಕೆ ಬಂದ ಕೂಡಲೇ ಅಲೈನರ್ ಕಳಚಿ, ಡಬ್ಬಿಯಲ್ಲಿ ಹಾಕಿ, ಡಾಕ್ಟರಮ್ಮನ ಅಡುಗೆಮನೆಯ ಕಿಟಕಿಯ ಮೇಲಿಡತೊಡಗಿದೆ. ಸಂಜೆ ಮತ್ತೆ ತೊಟ್ಟುಕೊಂಡು ಸದ್ಗೃಹಸ್ಥನಾಗಿ ಮನೆ ಸೇರುತ್ತಿದ್ದೆ. ಹಗಲಿನ ಬಾಕಿಯನ್ನು ನಿದ್ದೆಯಲ್ಲಿ ಹಲ್ಲು ಕಚ್ಚಿ ತೀರಿಸಿದರಾಯಿತು ಎಂಬುದು ನನ್ನ ಸಮಾಧಾನ.

ಕೆಲವು ತಿಂಗಳಾದ ಮೇಲೆ ಡಾಕ್ಟರಮ್ಮ ನನ್ನ ಬಾಯೊಳಗೆ ಇಣುಕಿ ಹುಬ್ಬು ಗಂಟಿಕ್ಕಿದರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು.

"ಹಲ್ಲು ಸರಿದೇ ಇಲ್ವಲ್ಲ ಮೇಸ್ತ್ರಿ?"

"ಮೂಳೆ ಗಟ್ಟಿ ಇರ್ಬೇಕು ಡಾಕ್ಟ್ರೇ. ಅದು ಹೇಗೆ ಸಹಕರಿಸುತ್ತೆ ನೋಡ್ಬೇಕು."

"ಮೂಳೆ ಚೆನ್ನಾಗೇ ಸಹಕರಿಸುತ್ತೆ. ನೀವು ಬೆಳಿಗ್ಗೆ ಬಂದ ಕೂಡ್ಲೇ ಅದನ್ನ ತೆಗೆದು ಕಿಟಕಿ ಮೇಲೆ ಇಡ್ತೀರಂತೆ. ನಮ್ಮತ್ತೆ ಹೇಳಿದ್ರು."

ಅವರ ಅತ್ತೆ ದಿನವಿಡೀ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ತೂಕಡಿಸುತ್ತಿದ್ದಾರೆ ಎಂದು ನಂಬಿ, ಅವರ ನಿದ್ದೆ ಕೆಡದಿರಲಿ ಎಂದು ನಾನು ಎಷ್ಟೋ ಸಲ ಸುತ್ತಿಗೆಯನ್ನು ಮೆಲ್ಲಗೆ ಹೊಡೆದಿದ್ದೆ.

ಹೆಂಡತಿ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದು ಮನೆ ಸೇರಿದಳು. ಅವಳು ಬೈದರೆ ನನಗೆ ಭಯವಿಲ್ಲ, ಬೈಯದಿದ್ದರೆ ಭಯ.

"ನಂಜೊತೆ ನಗೋಕೆ ಇಷ್ಟ ಇಲ್ಲ ಅಂದ್ರೆ ಮೊದಲೇ ಹೇಳಬಹುದಿತ್ತು," ಎಂದಳು ಚಪ್ಪಲಿ ಬಿಡುತ್ತಾ.

"ಅಯ್ಯೋ, ಹಾಗಲ್ಲ ಕಣೇ. ಸ್ಕ್ರೂ ಇಟ್ಕೊಳ್ಳೋಕೆ ಜಾಗ ಬೇಕಲ್ಲ."

"ಜೇಬು ಯಾಕಿರೋದು?"

ನಾನು ಯೋಚಿಸಿದೆ. ಇಷ್ಟು ವರ್ಷದ ಕಸುಬಿನಲ್ಲಿ ಈ ವಿಚಾರ ನನಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನವೇ ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಸೊಂಟಕ್ಕೆ ಕಟ್ಟುವ ಚೀಲ ಹೊಲಿದುಕೊಟ್ಟಳು. ಜೊತೆಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡತೊಡಗಿದಳು. ನನ್ನ ಮಾತು ತೊದಲಿದರೆ ಕ್ಷೇಮ. ಸ್ಪಷ್ಟವಾಗಿದ್ದರೆ, "ಇಷ್ಟು ಚೆನ್ನಾಗಿ ಮಾತಾಡ್ತಿದೀರಿ ಅಂದ್ರೆ ಅದು ಬಾಯಲ್ಲಿಲ್ಲ" ಎಂದು ಮಂಗಳಾರತಿ. ಅಭ್ಯಾಸಬಲ ನೋಡಿ, ಚೀಲವಿದ್ದರೂ ಸ್ಕ್ರೂ ತಾನಾಗಿ ಬಾಯಿಗೆ ಹೋಗುತ್ತಿತ್ತು, ಅಲೈನರ್ ಡಬ್ಬಿಗೆ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಬೇಕೆಂದೇ ತೊದಲುವುದನ್ನು ಕಲಿತೆ. ನಾಟಕಗಳಲ್ಲಿ ಪಾತ್ರ ಕೊಡಬಹುದಾಗಿತ್ತು ನನಗೆ, ಅಷ್ಟು ಚೆನ್ನಾಗಿ ಕಲಿತೆ.

"ಏನ್ಮಾಡ್ತಿದೀರಿ?"

"ಕೆಲಥ ಕಣೇ. ಥ್ವಲ್ಪ ಅರ್ಜೆಂಟು. ಥಂಜೆ ಥಿಗ್ತೀನಿ."

"ಸಾಕು ನಿಲ್ಸಿ. ಈಗ ತಾನೆ ಅಲ್ಲಿನ ದೊಡ್ಡ ಅಮ್ಮಾವ್ರಿಗೆ ಫೋನ್ ಮಾಡಿದ್ದೆ. ಡಬ್ಬಿ ಕಿಟಕಿ ಮೇಲೇ ಇದೆಯಂತೆ, ಅಲೈನರ್ ಅದರೊಳಗೇ ಇದೆಯಂತೆ."

ತಿರುಗಿ ನೋಡಿದೆ. ಡಾಕ್ಟರಮ್ಮನ ಅತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ನಿದ್ರಾದೇವಿಯ ಮಡಿಲಲ್ಲಿದ್ದರು. ಮಡಿಲ ಮೇಲೆ ಫೋನಿತ್ತು.

ಅಲ್ಲಿಗೆ ನನ್ನ ಸ್ವಾತಂತ್ರ್ಯ ಮುಗಿಯಿತು. ಹೆಂಡತಿ ಫೋನಿನ ಮೇಲಿನ ನಂಬಿಕೆ ಬಿಟ್ಟು ನೇರ ತಪಾಸಣೆಗೆ ಇಳಿದಳು. "ರೀ, ಒಳಗಿದೆಯಾ?" ಎಂದರೆ ನಾನು 'ಆ' ಎಂದು ಬಾಯಿ ತೆರೆಯಬೇಕು, ಅವಳು ಗಲ್ಲ ಹಿಡಿದೆತ್ತಿ ನೋಡಬೇಕು. ಹೊಸ್ತಿಲಲ್ಲಿ, ಮೆಟ್ಟಿಲ ಮೇಲೆ, ಒಮ್ಮೆ ದಿನಸಿ ಅಂಗಡಿಯಲ್ಲಿ ತಕ್ಕಡಿಯ ಮುಂದೆ. ಬರಬರುತ್ತಾ ಆ ಎರಡು ಮಾತು ಕಿವಿಗೆ ಬೀಳುವುದೇ ತಡ, ನನ್ನ ದವಡೆ ತನ್ನಷ್ಟಕ್ಕೆ ಕೆಳಗಿಳಿಯುತ್ತಿತ್ತು. ಹಲ್ಲೂ ಹೆದರಿರಬೇಕು, ಸರಿಯಲು ಶುರುಮಾಡಿತು. ಸ್ಕ್ರೂ ಸೊಂಟದಲ್ಲಿದ್ದುದರಿಂದಲೋ ಏನೋ, ಡಾಕ್ಟರಮ್ಮನ ಅಡುಗೆಮನೆಯೂ ಮುಗಿಯಿತು. ಕೊನೆಯ ದಿನ ಅವರ ಅತ್ತೆ ಕಣ್ಣು ಪೂರ್ತಿ ತೆರೆದು ನನ್ನನ್ನು ಬೀಳ್ಕೊಟ್ಟರು.

ಆದರೆ ಫೋಟೊದ ದಿನ ಹತ್ತಿರ ಬಂದರೂ ಬಾಯಿ ಮುಗಿಯಲಿಲ್ಲ. "ಕಿಟಕಿ ಮೇಲೆ ಕಳೆದ ತಿಂಗಳುಗಳನ್ನ ಹಲ್ಲು ಲೆಕ್ಕಕ್ಕೆ ಹಿಡಿಯಲ್ಲ," ಎಂದರು ಡಾಕ್ಟರಮ್ಮ. "ಇನ್ನೂ ನಾಲ್ಕು ತಿಂಗಳು ಬೇಕು. ಆದರೂ ಹಲ್ಲು ಕಾಲಿಳಿಸಿ ಕೂತಿದೆ, ನೋಡೋಕೆ ಚೆನ್ನಾಗೇ ಇದೆ. ಅಲೈನರ್ ಹಾಕ್ಕೊಂಡೇ ನಗಿ, ಯಾರಿಗೂ ಗೊತ್ತಾಗಲ್ಲ."

ಹಾಗೆಯೇ ಸ್ಟುಡಿಯೊಗೆ ಹೋದೆವು. ಹೆಂಡತಿ ಹೊಸ ಸೀರೆ ಉಟ್ಟಿದ್ದಳು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ವಾರದಿಂದ ಕನ್ನಡಿಯ ಮುಂದೆ ತಾಲೀಮು ಮಾಡಿದ ನಗುವನ್ನು ಹೊತ್ತು ತಂದಿದ್ದೆ. ಫೋಟೊಗ್ರಾಫರ್ ದೀಪ ಸರಿಪಡಿಸಿ ಒಂದರ ಮೇಲೊಂದು ಕ್ಲಿಕ್ಕಿಸಿದ. ಜೀವಮಾನದಲ್ಲಿ ಮೊದಲ ಸಲ ನಾನು ಕ್ಯಾಮೆರಾದ ಮುಂದೆ ಹಲ್ಲು ತೋರಿಸಿ ನಕ್ಕೆ. ಎದೆ ಉಬ್ಬಿತ್ತು.

"ಕೊನೇದು ಒಂದು ತೆಗೀಲಾ ಸಾರ್?"

"ಸರಿ ಸಾರ್, ಸಂತೋಷವಾಗಿ," ಎಂದೆ. ಇಷ್ಟು ದಿನದಲ್ಲಿ ನಾಲಿಗೆ ಅಲೈನರಿಗೆ ಒಗ್ಗಿಹೋಗಿ ತೊದಲು ಮಾಯವಾಗಿದ್ದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಹೆಂಡತಿಯ ಗಮನಕ್ಕೆ ಬಂತು. ಗಕ್ಕನೆ ನನ್ನ ಕಡೆ ತಿರುಗಿದಳು.

"ರೀ, ಒಳಗಿದೆಯಾ?"

ನನ್ನ ದವಡೆ ಇಳಿಯಿತು. ಅವಳ ಕೈ ನನ್ನ ಗಲ್ಲಕ್ಕೆ ಬಂತು. ಕ್ಯಾಮೆರಾ ಕ್ಲಿಕ್ ಎಂದಿತು.

ಎರಡು ದಿನ ಬಿಟ್ಟು ಫೋಟೊಗಳು ಬಂದವು. ಎಲ್ಲದರಲ್ಲೂ ನನ್ನ ನಗು ಅಚ್ಚುಕಟ್ಟಾಗಿ, ಹಲ್ಲಿನಷ್ಟೇ ನೇರವಾಗಿತ್ತು. ಕೊನೆಯದರಲ್ಲಿ ಮಾತ್ರ ನಾನು ಕಣ್ಣು ಮೇಲೆ ಮಾಡಿ ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದುಕೊಂಡಿದ್ದೆ. ಅವಳು ನನ್ನ ಗಲ್ಲ ಹಿಡಿದೆತ್ತಿ ಒಳಗೆ ಇಣುಕುತ್ತಾ, ತಡೆಯಲಾರದೆ ನಗುತ್ತಿದ್ದಳು. ಅದನ್ನು ಕಂಡು ಅವಳು ಇನ್ನೊಮ್ಮೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇದನ್ನೇ ಹಾಕ್ಸೋಣ," ಎಂದಳು.

"ಹುಚ್ಚೇನೇ ನಿಂಗೆ? ಒಂದು ವರ್ಷ ಒದ್ದಾಡಿದ್ದು ಆ ನಗುವಿಗೆ ಕಣೇ."

"ಅವೆಲ್ಲ ಯಾರೋ ಬೇರೆಯವರು ನಕ್ಕ ಹಾಗಿದೆ. ಇಪ್ಪತ್ತೈದು ವರ್ಷದಲ್ಲಿ ನಾನು ಹೇಳಿದ ಕೂಡ್ಲೇ ನೀವು ಬಾಯಿ ಬಿಟ್ಟಿರೋದು ಇದೊಂದರಲ್ಲೇ."

ಎಷ್ಟು ಬೇಡಿಕೊಂಡರೂ ಜಪ್ಪಯ್ಯ ಎನ್ನಲಿಲ್ಲ. ಎಲ್ಲಕ್ಕಿಂತ ದೊಡ್ಡ ಅಳತೆಯಲ್ಲಿ ಅದನ್ನೇ ಅಚ್ಚು ಹಾಕಿಸಿ ತಂದಿದ್ದಾಳೆ. ಅದಕ್ಕೆ ಚೌಕಟ್ಟು ಮಾಡಬೇಕಾದ ಬಡಗಿ ನಾನೇ. ಸಂಜೆ ನೆಂಟರು ಬರುತ್ತಾರಂತೆ, ಅಷ್ಟರೊಳಗೆ ಬೇಕಂತೆ.