ಹೊಟ್ಟು ತುಂಬಿದ ಬೋಗುಣಿ

ಬೆಳಗ್ಗೆ ಹಾಲು ತರಲು ಹೊರಟ ಗಾದ್ರಮ್ಮ ಎಡಗಾಲನ್ನು ಚಪ್ಪಲಿಗೆ ತೂರಿಸಿದವರು ಹಾಗೇ ನಿಂತುಬಿಟ್ಟರು. ಕಾಲಿಗೆ ಏನೋ ಮೆತ್ತಗೆ ತಾಗಿತ್ತು. ಬಗ್ಗಿ ನೋಡಿ ಅವರು ಕೂಗಿದ ಕೂಗಿಗೆ ಜಗಳೂರಿನ ಆ ಬೀದಿಯಲ್ಲಿ ಭಾನುವಾರವೆಂದು ಹೊದ್ದು ಮಲಗಿದ್ದವರೆಲ್ಲ ಎದ್ದು ಕುಳಿತರು.

"ರೀ ತಿಪ್ಪೇರುದ್ರಪ್ಪಾ! ನನ್ನ ಚಪ್ಲ್ಯಾಗೆ ಏನೈತೆ ಬಂದು ನೋಡ್ರಿ!"

ಅವರ ಕೆಳಗಿನ ಮನೆಯ ಬಾಡಿಗೆದಾರ ತಿಪ್ಪೇರುದ್ರ ನೋಡಬೇಕಾಗಿಯೇ ಇರಲಿಲ್ಲ. ಅದನ್ನು ಮಾಡಿದ ಬೆಕ್ಕಿನ ಮರಿ ಅವನ ಲುಂಗಿಯ ಮೇಲೆ ಕುಳಿತು, ಯಾವ ಪಾಪವನ್ನೂ ಅರಿಯದಂತೆ ಮೀಸೆ ನೆಕ್ಕಿಕೊಳ್ಳುತ್ತಿತ್ತು.

"ಕೂಸು ಅಮ್ಮಾರೆ. ಇನ್ನೂ ಕಲ್ತಿಲ್ಲ" ಎಂದ.

"ಹಂಗಾದ್ರೆ ಕಲಿಸ್ರಿ. ಹೆಂಗೂ ಇವತ್ತು ನಿಮಗೆ ರಜಾ. ಸಂಜೀಕೆ ನಾನು ದೀಪ ಹಚ್ಚಾದ್ರೊಳಗೆ ಅದು ಒಂದೇ ಜಾಗದಾಗೆ ಕುಂದ್ರಾದು ಕಲೀಬೇಕು. ಇಲ್ಲಾಂದ್ರೆ ಕೈಚೀಲದಾಗೆ ಹಾಕಿ ಬಿಳಿಚೋಡು ಬಸ್ಸು ಹತ್ತಿಸ್ತೀನಿ. ಟಿಕೇಟು ನಂದೇ!"

ತಿಪ್ಪೇರುದ್ರ ಮರಿಯನ್ನು ಎತ್ತಿಕೊಂಡು ಒಳಗೆ ಹೋದ. ಅವನು ಬೀಜ ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತ. ಸೊಕ್ಕೆಯ ಕಡೆಯಿಂದ ಬಂದ ಮೆಕ್ಕೆಜೋಳದ ಲಾರಿಯಲ್ಲಿ, ಹೊಟ್ಟಿನ ಚೀಲಗಳ ಸಂದಿಯಲ್ಲಿ ಈ ಮರಿ ಸಿಕ್ಕಿತ್ತು. ತಾಯಿಯ ಪತ್ತೆ ಇರಲಿಲ್ಲ. ಹಮಾಲರು ರಸ್ತೆಗೆ ಬಿಡಲು ಹೊರಟಾಗ ಇವನು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ. ಮೊದಲೆಲ್ಲ ಬೀಗ ತೆಗೆದರೆ ಮನೆಯೊಳಗೆ ಫ್ಯಾನಿನ ಸದ್ದೂ ಇರುತ್ತಿರಲಿಲ್ಲ. ಈಗ ಬೀಗಕ್ಕೆ ಕೈ ಹಾಕಿದರೆ ಒಳಗಿನಿಂದ 'ಮಿಯಾಂವ್' ಎಂದು ಯಾರೋ ಬೈಯುತ್ತಿದ್ದರು. ಅದು ಅವನಿಗೆ ಬಹಳ ಹಿತವಾಗಿತ್ತು.

ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದ. ಅಗಲ ಬೋಗುಣಿಗೆ ಮರಳು ಹಾಕಿ, ಮರಿಯನ್ನು ಅದರಲ್ಲಿ ನಿಲ್ಲಿಸಿ, ಕೆದಕುವುದನ್ನು ತೋರಿಸಿಕೊಡಬೇಕಂತೆ. ತಿಪ್ಪೇರುದ್ರ ಮರಳು ತಂದು ಜರಡಿ ಹಿಡಿದ. ಒಂದು ಕಲ್ಲು ಚುಚ್ಚಿದರೂ ಮರಿ ಜೀವಮಾನವಿಡೀ ಮರಳನ್ನು ದ್ವೇಷಿಸೀತು ಎಂಬ ಭಯದಿಂದ ಮತ್ತೊಮ್ಮೆ ಜರಡಿ ಹಿಡಿದ. ಆಮೇಲೆ ಜಗಲಿಯ ಮೇಲೆ ಮಂಡಿಯೂರಿ, ಎರಡೂ ಕೈಯಿಂದ ಕರಕರನೆ ಕೆದಕತೊಡಗಿದ.

"ಏನಪ್ಪಾ, ಉಂಗುರ ಕಳಕಂಡ್ಯಾ?"

ಎದುರು ಮನೆಯ ರಂಗಣ್ಣ. ಬಸ್ಸು ಓಡಿಸಿ ನಿವೃತ್ತರಾದವರು. ಮೀಸೆಗೆ ಆಗಷ್ಟೇ ಬಣ್ಣ ಹಚ್ಚಿಕೊಂಡಿದ್ದರು. ವಿಷಯ ಕೇಳಿ ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು.

"ನೋಡು, ಪ್ಯಾಸೆಂಜರ್ರು ಹೇಳಿದಲ್ಲೆಲ್ಲ ನಿಲ್ಲಿಸಿದ್ರೆ ಸ್ಟಾಪಿಗೆ ಏನು ಮರ್ವಾದಿ ಐತೆ? ಒಂದು ಸ್ಟಾಪ್ ಫಿಕ್ಸ್ ಮಾಡು, ಅಲ್ಲೇ ಇಳಿಸು. ಮರಳಲ್ಲ, ಬೂದಿ ಹಾಕು. ನಮ್ಮಜ್ಜಿ ಬೂದೀಲೇ ಬೆಕ್ಕು ಸಾಕಿದ್ದು."

ತಿಪ್ಪೇರುದ್ರ ಮರಳಿನ ಮೇಲೆ ಬೂದಿ ಸುರಿದ. ಮರಿ ಮೂಸಿ ನೋಡಿತು, ಸೀನಿತು. ಎದ್ದ ಬೂದಿಯೆಲ್ಲ ಹೋಗಿ ರಂಗಣ್ಣನ ಹಸಿ ಮೀಸೆಗೆ ಅಂಟಿಕೊಂಡು, ಅವರಿಗೆ ಒಮ್ಮೆಗೇ ಹತ್ತು ವರ್ಷ ಹೆಚ್ಚು ವಯಸ್ಸಾಗಿಬಿಟ್ಟಿತು.

ಅಷ್ಟರಲ್ಲಿ ಅಂಗನವಾಡಿ ಟೀಚರ್ ಜ್ಯೋತಿಲಕ್ಷ್ಮಿ ಕಾಂಪೌಂಡಿನ ಆಚೆಯಿಂದ ನಗುತ್ತಲೇ ಬಂದರು. "ಬಿಡ್ರಿ ರಂಗಣ್ಣಾರೆ, ಇದು ನಮ್ಮ ಸಬ್ಜೆಕ್ಟು. ಊರಿನ ಅರ್ಧ ಮಕ್ಕಳಿಗೆ ಚಡ್ಡಿ ಬಿಚ್ಚಾಕೆ ಕಲಿಸಿದಾಕಿ ನಾನು. ಹೆದರಿಸಬಾರದು, ಹಾಡಬೇಕು!"

ಅವರು ಚಪ್ಪಾಳೆ ತಟ್ಟಿ, ಸೊಂಟ ಬಳುಕಿಸಿ ಶುರುಮಾಡಿದರು:

"ಬಾರೋ ಮರಿ ಬೋಗುಣಿಗೆ, ಕುಂತ್ಕೊ ಮರಿ ಮೆಲ್ಲಗೆ!"

ಮರಿಗೆ ಅಂಗನವಾಡಿಯ ಅನುಭವ ಇರಲಿಲ್ಲ. ಅದು ಬಾಲವನ್ನು ಬಾಟ್ಲಿ ತೊಳೆಯುವ ಬ್ರಷ್ಷಿನಂತೆ ಊದಿಸಿಕೊಂಡು ಒಂದೇ ನೆಗೆತಕ್ಕೆ ರಂಗಣ್ಣನ ತೊಡೆಯೇರಿತು. ರಂಗಣ್ಣ ನಿಧಾನವಾಗಿ ಕೆಳಗೆ ನೋಡಿಕೊಂಡರು. ಬಿಳಿ ಪಂಚೆಯ ಮೇಲೆ ಒದ್ದೆ ಹರಡುತ್ತಿತ್ತು.

"ನೋಡಿದ್ರಾ!" ಜ್ಯೋತಿಲಕ್ಷ್ಮಿ ಕುಣಿದಾಡಿದರು. "ಹಾಡು ಕೆಲಸ ಮಾಡೈತೆ! ಜಾಗ ಮಾತ್ರ ಸ್ವಲ್ಪ ಆಕಡೆ ಈಕಡೆ ಆಗೈತೆ."

"ನಾನೇನು ನಿಮ್ಮ ಸ್ಟಾಪಾ ಟೀಚರೇ?" ಎಂದು ರಂಗಣ್ಣ ಎದ್ದು ನಿಂತ ಅಬ್ಬರಕ್ಕೆ ಮರಿ ಹಾರಿ ಮೆಟ್ಟಿಲೇರಿ ಮಾಳಿಗೆಗೆ ಓಡಿತು. ತಿಪ್ಪೇರುದ್ರ ಬೋಗುಣಿ ಹಿಡಿದು ಹಿಂದೆಯೇ ಓಡಿದ. ದಾರಿಯುದ್ದಕ್ಕೂ ಬೂದಿ, ಮರಳು ಚೆಲ್ಲಿ ಬೋಗುಣಿ ಖಾಲಿಯಾಯಿತು.

ಮಾಳಿಗೆಯ ಮೇಲೆ ಗಾದ್ರಮ್ಮ ಟಾರ್ಪಾಲಿನ ತುಂಬ ಮೆಕ್ಕೆಜೋಳ ಹರವಿದ್ದರು. ಅದರ ಅಂಚಿನಲ್ಲಿ ನಿಂತು ಮರಿ ಮುಂಗಾಲಿನಿಂದ ಕೆದಕಿ ನೋಡುತ್ತಿತ್ತು. ಕೆಳಗಿನಿಂದ ಗಾದ್ರಮ್ಮ ಉಸ್ಸೆನ್ನುತ್ತ ಮೆಟ್ಟಿಲೇರುವ ಸದ್ದು.

"ಬ್ಯಾಡವ್ವಾ, ಕೈ ಮುಗೀತೀನಿ. ಅಲ್ಲಿ ಮಾಡಿದ್ರೆ ನನ್ನೂ ನಿನ್ ಜೊತೆ ಬಸ್ಸು ಹತ್ತಿಸ್ತಾರೆ!"

ಮರಿಗೆ ಕಾಳು ಹಿಡಿಸಲಿಲ್ಲ. ಅದು ಮೂಗೆತ್ತಿ ಗಾಳಿ ಮೂಸಿ, ಮೂಲೆಯಲ್ಲಿದ್ದ ಬಾಯಿ ಬಿಚ್ಚಿದ ಚೀಲದತ್ತ ಧಾವಿಸಿತು. ಅದರಲ್ಲಿದ್ದದ್ದು ನೀರೊಲೆಗೆಂದು ಇಟ್ಟ ಮೆಕ್ಕೆಜೋಳದ ಹೊಟ್ಟು. ಮರಿ ಸಡಗರದಿಂದ ಹೊಟ್ಟು ಕೆದಕತೊಡಗಿತು, ಬಹಳ ದಿನಕ್ಕೆ ತವರಿಗೆ ಬಂದವಳಂತೆ.

ತಿಪ್ಪೇರುದ್ರನಿಗೆ ಆಗ ಹೊಳೆಯಿತು. ಕಣ್ಣು ಬಿಟ್ಟಾಗಿನಿಂದ ಹೊಟ್ಟಿನಲ್ಲೇ ಬೆಳೆದದ್ದು ಮರಳನ್ನು, ಬೂದಿಯನ್ನು ಹೇಗೆ ಒಪ್ಪೀತು? ಅವನು ಬೋಗುಣಿಗೆ ಹೊಟ್ಟು ಬಾಚಿ ತುಂಬಿ ಮರಿಯನ್ನು ಮೆಲ್ಲಗೆ ಅದರೊಳಗಿಟ್ಟ. ಮರಿ ಒಂದು ಸುತ್ತು ತಿರುಗಿ, ಸಭೆಯ ಅಧ್ಯಕ್ಷರ ಗಾಂಭೀರ್ಯದಿಂದ ಕುಳಿತುಕೊಂಡಿತು.

ಮೇಲೆ ಬಂದ ಗಾದ್ರಮ್ಮ, ಅವರ ಹಿಂದೆ ಪಂಚೆ ಎತ್ತಿ ಹಿಡಿದ ರಂಗಣ್ಣ, ಜ್ಯೋತಿಲಕ್ಷ್ಮಿ ಎಲ್ಲರೂ ಬೋಗುಣಿಯ ಸುತ್ತ ನಿಂತರು. ಮರಿ ಕೆಲಸ ಮುಗಿಸಿ, ಹಿಂದಿರುಗಿ ನೋಡಿ, ಹೊಟ್ಟು ಎಳೆದು ನೀಟಾಗಿ ಮುಚ್ಚಿತು.

"ಮುಚ್ತಲ್ರೀ!" ಗಾದ್ರಮ್ಮ ಗಲ್ಲಕ್ಕೆ ಕೈ ಹಚ್ಚಿದರು. "ನನ್ನ ಮೊಮ್ಮಗನಿಗೆ ಬಕೆಟ್ ನೀರು ಹಾಕಾಕೂ ಹೇಳಬೇಕು!"

"ಸ್ಟಾಪ್ ಫಿಕ್ಸಾತು" ಎಂದರು ರಂಗಣ್ಣ.

"ಎಲ್ಲ ನನ್ನ ಹಾಡಿಂದ!" ಎಂದರು ಜ್ಯೋತಿಲಕ್ಷ್ಮಿ.

ತಿಪ್ಪೇರುದ್ರ ಬೋಗುಣಿಯನ್ನು ತನ್ನ ಅಡುಗೆಮನೆಯ ಪಕ್ಕದ ಮೂಲೆಗಿಟ್ಟ. ಮಧ್ಯಾಹ್ನ ಹಾಲು ಕುಡಿದ ಮರಿ ಯಾರೂ ಹೇಳದೆ ನೇರವಾಗಿ ಅಲ್ಲಿಗೇ ನಡೆಯಿತು. ಅವನಿಗೆ ಕಣ್ಣು ತುಂಬಿ ಬಂತು.

ಸಂಜೆ ದೀಪ ಹಚ್ಚುವ ಮೊದಲು ಗಾದ್ರಮ್ಮ ಬಂದರು. ಮನೆಯ ಮೂಲೆ ಮೂಲೆಯನ್ನೂ ಮೂಸಿ ನೋಡಿದರು. ತಿಪ್ಪೇರುದ್ರ ಕೈ ಕಟ್ಟಿ ನಿಂತ.

"ಎಲ್ಲೂ ವಾಸ್ನೆ ಇಲ್ಲ. ಚಲೋ ಕಲಿಸೀರಿ."

"ಹಂಗಾದ್ರೆ ಬಸ್ಸು..."

"ಎಂಥಾ ಬಸ್ಸು! ಇಂಥಾ ಜಾಣೆನ ಕಳಿಸಾಕೆ ನನಗೇನು ತಲೆ ಕೆಟ್ಟೈತಾ?" ಗಾದ್ರಮ್ಮ ಮರಿಯನ್ನು ಎತ್ತಿ ಎದೆಗೊತ್ತಿಕೊಂಡರು. "ಇವಳು ಇನ್ನು ನಮ್ಮ ಮನ್ಯಾಗೆ ಇರ್ಲಿ. ನೀವು ಹಗಲೆಲ್ಲ ಅಂಗಡ್ಯಾಗಿರ್ತೀರಿ, ಬೀಗ ಹಾಕಿದ ಮನ್ಯಾಗೆ ಕೂಸು ಒಂದೇ ಏನು ಮಾಡಬೇಕು ಪಾಪ? ನಮಗೂ ಇಲಿ ಕಾಟ ಐತೆ. ಹೆಸರು ಗೌರಿ ಅಂತ ಇಟ್ಟೀನಿ."

ಮಾತು ನ್ಯಾಯವಾಗಿಯೇ ಇತ್ತು. ನ್ಯಾಯದ ಮಾತಿಗೆ ಎದುರಾಡುವುದು ತಿಪ್ಪೇರುದ್ರನಿಗೆ ಯಾವತ್ತೂ ಬಂದದ್ದಲ್ಲ. ಅವನು ಖಾಲಿ ಮನೆಯಲ್ಲಿ ಗೋಡೆಗೊರಗಿ ಕುಳಿತ. ಮೇಲಿನಿಂದ ಕೆನೆಹಾಲಿನ ತಟ್ಟೆಯ ಸದ್ದು, "ಕುಡಿ ಗೌರವ್ವಾ" ಎಂಬ ಮುದ್ದು ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಪರಪರ ಸದ್ದಾಯಿತು.

"ಮಿಯಾಂವ್!"

"ಬಂದ್ಯಾ ನನ್ನವ್ವಾ! ನನ್ನ ಬಿಟ್ಟಿರಾಕೆ ಆಗಲಿಲ್ಲ ಹೌದಿಲ್ಲೋ?" ತಿಪ್ಪೇರುದ್ರ ಬಾಗಿಲು ತೆರೆದು ಎರಡೂ ಕೈ ಚಾಚಿದ.

ಮರಿ ಆ ಕೈಗಳ ಕೆಳಗೇ ನುಸುಳಿ, ನೆಟ್ಟಗೆ ಬೋಗುಣಿಗೆ ಹೋಗಿ ಕುಳಿತಿತು. ಮುಗಿಸಿತು, ಮುಚ್ಚಿತು. ಬಾಲವನ್ನು ನೆಟ್ಟಗೆ ಎತ್ತಿಕೊಂಡು ಹೊರನಡೆಯಿತು.

"ಆತೇನ್ರೀ ತಿಪ್ಪೇರುದ್ರಪ್ಪಾ?" ಮೇಲಿನಿಂದ ಗಾದ್ರಮ್ಮನ ದನಿ ಬಂತು. "ಆಗಿದ್ರೆ ಕಳಿಸ್ರಿ, ಹಾಲು ಆರ್ತೈತೆ. ಬೋಗುಣಿ ಅಲ್ಲೇ ಇರ್ಲಿ, ನಮ್ಮನ್ಯಾಗೆ ದೇವರ ಕೋಣೆ ಐತಲ್ಲ! ಮತ್ತೆ ನೀವು ಎಲ್ಲಿಗಾದ್ರೂ ಹೋದ್ರೆ ಬಾಗಿಲು ಸ್ವಲ್ಪ ತೆರದೇ ಇಟ್ಟು ಹೋಗ್ರಿ."