ಬೀಗದಣ್ಣನ ಆರು ಸಾವಿರ ಪದಗಳು

“ಅಮ್ಮಾ, ಬೀಗದ ಮಾಮ ಯಾವಾಗ ಮುಗೀತಾರೆ?”

ಐದು ವರ್ಷದ ಮಗಳು ಊಟದ ಮಧ್ಯೆ ಕೇಳಿದ ಈ ಪ್ರಶ್ನೆಗೆ ಅಪ್ಪನ ತುತ್ತು ಬಾಯಿಗೆ ಹೋಗುವುದನ್ನೇ ಮರೆಯಿತು. ಮಗುವಿನ ತಪ್ಪೇನಿಲ್ಲ. ಬೀದಿಯ ತಿರುವಿನಲ್ಲಿ ಕೀಲಿಕೈ ಮಾಡುವ ಬೀಗದಣ್ಣನ ಬಗ್ಗೆ ಅವಳ ಅಮ್ಮ ಮೂರು ತಿಂಗಳಿಂದ “ಈ ವಾರ ಮುಗಿಸಿಬಿಡ್ತೀನಿ” ಎಂದು ಘೋಷಿಸುತ್ತಲೇ ಇದ್ದಳು.

ಮುಗಿಸಬೇಕಾದದ್ದು ಅವನ ಬಗ್ಗೆ ಪತ್ರಿಕೆಗೆ ಬರೆಯುವ ಆರು ಸಾವಿರ ಪದಗಳ ನುಡಿಚಿತ್ರ. ಎಲ್ಲ ನಿಜವಾಗಿರಬೇಕು, ಕಥೆಯಂತೆ ಓದಿಸಿಕೊಳ್ಳಬೇಕು. ಮೊದಲು ಸಂಪಾದಕರಿಗೆ ಒಂದು ಪುಟದ ಪ್ರಸ್ತಾವ. ಅವರು ಹೂಂ ಅಂದರೆ ಮುಂದಿನದು. ಇಬ್ಬರು ಸಂಪಾದಕರು ಆಗಲೇ ಊಹೂಂ ಅಂದಿದ್ದರು. ಉಳಿದದ್ದು ಒಂದೇ ಪತ್ರಿಕೆ. ಅಲ್ಲೂ ಆಗದಿದ್ದರೆ ಬರವಣಿಗೆ ಸಾಕು, ಶಾಲೆಯ ಕಚೇರಿ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದು ಗಂಡನಿಗೆ ಮಾತು ಕೊಟ್ಟಿದ್ದಳು.

“ಈ ಸಲ ಆಗೇ ಆಗತ್ತೆ, ನೋಡಿ.”

“ಹೋದ ಸಲವೂ ಹೀಗೇ ಅಂದಿದ್ದೆ.”

“ಆಗ ಅವರ ಅಂಗಡೀಲಿ ಇಷ್ಟು ಹೊತ್ತು ಕೂತಿರ್ಲಿಲ್ಲ.”

“ಅದು ನಿಜ. ಈಗ ಗಿರಾಕಿಗಳು ನಿನ್ನ ಕೈಗೇ ಬೀಗ ಕೊಡ್ತಾರಂತೆ.”

(ಕೊಟ್ಟವರು ಇಬ್ಬರೇ. ಒಂದನ್ನು ಅವಳು ಕೆಡಿಸಿದ್ದು ಬೇರೆ ಮಾತು.)

ಬೀಗದಣ್ಣನ ಬೆರಳುಗಳ ಸಕಲ ಚಲನವಲನವನ್ನೂ ದಾಖಲಿಸುವ ಧಾವಂತದಲ್ಲಿ ಅವಳು ಮನೆಯ ಕೀಲಿಯನ್ನು ಒಳಗೇ ಬಿಟ್ಟು ಹೊರಡುತ್ತಿದ್ದಳು. ಎಳೆದರೆ ತಾನಾಗಿ ಬೀಗ ಬೀಳುವ ಬಾಗಿಲು ಅದು. ನಾಲ್ಕು ಸಲ ಅವನೇ ಬಂದು ತೆರೆದ. ಇಂಥ ಕ್ಷುಲ್ಲಕ ವಿಷಯವನ್ನು ಪ್ರಸ್ತಾವದಲ್ಲಿ ಸೇರಿಸಲು ಅವಳೇನು ದಡ್ಡಿಯೇ? “ಲೋಹ, ಮೌನ ಹಾಗೂ ಮಾನವ ವಿಶ್ವಾಸದ ಮಹಾಕಥನ” ಎಂದು ಶುರುಮಾಡಿದಳು. ಅವನ ದನಿಯೂ ಇರಲಿ ಎಂದು ಕೊನೆಯಲ್ಲಿ ಅವನು ಹೇಳಿದ ನಾಲ್ಕು ಸಾಲನ್ನು ಹಾಗೆಯೇ ಇಳಿಸಿದಳು:

“ಬಾಗಿಲಿಗೆ ಬೀಗ ಬಿದ್ದಾಗ ಎಲ್ಲರೂ ಮೊದಲು ಜೇಬು ನೋಡ್ಕೋತಾರೆ. ಆಮೇಲೆ ಬಾಗಿಲನ್ನ ಬೈತಾರೆ. ಆಮೇಲೆ ಮನೆಯವರನ್ನ. ಒಬ್ಬ ಅಕ್ಕ ಮಾತ್ರ ನೋಟ್‌ಬುಕ್ಕು ತೆಗೆದು ಬರ್ಕೊಂಡ್ರು.”

(ಆ ಅಕ್ಕ ಯಾರೆಂಬ ವಿವರ ಅನಗತ್ಯವೆನಿಸಿತು.)

ಉತ್ತರ ಎರಡೇ ದಿನದಲ್ಲಿ ಬಂತು. ಮಹಾಕಥನ ಬೇಡ. ಕೊನೆಯ ನಾಲ್ಕು ಸಾಲು ಹೇಳಿದವರೇ ಪೂರ್ತಿ ಹೇಳಲಿ. ತಾವು ಬರೆದುಕೊಂಡು ಕಳಿಸಿದರೆ ಉಪಕಾರ. ಆ ಅಕ್ಕನ ಬಗ್ಗೆ ಇನ್ನಷ್ಟು ಬೇಕು.

ಗಂಡ ಎರಡು ಸಲ ಓದಿದ. “ಹೂಂ ಅಂದಿದ್ದಾರಲ್ಲ. ನಿನಗಲ್ಲ, ಅಷ್ಟೇ. ಅರ್ಜಿ ನಮೂನೆ ತರ್ಲಾ?”

“ತರ್ಬೇಡಿ. ಹೂಂ ಅಂದ್ರೆ ಹೂಂ,” ಎಂದವಳೇ ನೇರ ಅಂಗಡಿಗೆ ಹೋಗಿ ಪತ್ರವನ್ನು ಒಂದಕ್ಷರ ಬಿಡದೆ ಓದಿ ಹೇಳಿದಳು. ಬೀಗದಣ್ಣ ಕೀಲಿ ಉಜ್ಜುತ್ತಿದ್ದ ಅರ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

ಸಂಜೆ ಅವನೇ ಮನೆಗೆ ಬಂದ. ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಅವಳದ್ದೇ ಥರದ ಹೊಸ ನೋಟ್‌ಬುಕ್ಕು.

“ಅಕ್ಕಾ, ಒಂದು ಉಪಕಾರ ಆಗ್ಬೇಕಿತ್ತು.”

“ನೀವು ಹೇಳ್ತಾ ಹೋಗಿ ಅಣ್ಣಾ, ನಾನು ಬರ್ಕೋತೀನಿ.”

“ಅದಲ್ಲ. ನಾಲ್ಕು ಸಲವೂ ನಾನು ಬೀಗಾನೇ ನೋಡ್ತಿದ್ದೆ, ನಿಮ್ಮ ಮುಖ ಗಮನಿಸ್ಲೇ ಇಲ್ಲ. ಎಲ್ಲ ನಿಜ ಇರ್ಬೇಕು ಅಂತ ನೀವೇ ಹೇಳ್ತೀರಲ್ಲ. ಬೇಜಾರಿಲ್ಲ ಅಂದ್ರೆ, ನಾಳೆ ಇನ್ನೊಂದು ಸಲ ಕೀಲಿ ಒಳಗೆ ಬಿಟ್ಟು ಬಾಗಿಲು ಎಳ್ಕೋತೀರಾ?”